ಬದಲಿ ಕೂಸಿನ ಐತಿಹ್ಯ ಮತ್ತು ಸ್ವಲೀನತೆ

ಯುರೋಪಿನ ಜನಪದ ಐತಿಹ್ಯಗಳಲ್ಲಿ ‘ಬದಲಿ ಕೂಸಿ’ನ ಆಶಯ ವ್ಯಾಪಕವಾಗಿದೆ. ತೊಟ್ಟಿಲ ಮಗುವನ್ನು ಯಕ್ಷಿಣಿಯರು ಕದ್ದೊಯ್ದು ತಮ್ಮ ಕೂಸನ್ನು ಅಲ್ಲಿ ಬಿಟ್ಟುಹೋಗುತ್ತಾರೆ. ಎಷ್ಟೋ ಕಥೆಗಳಲ್ಲಿ ಆ ಕೂಸು ಮಾತು ಕಲಿಯದು, ತಾಯಿಯ ಅಪ್ಪುಗೆಗೆ ಒಗ್ಗದು. ಸ್ಟಿತ್ ಥಾಮ್ಸನ್ನರ ಆಶಯ ಸೂಚಿಯಲ್ಲಿ ಇದರ ಸಂಖ್ಯೆ ಎಫ್ 321.1. ಇಂದು ಸ್ವಲೀನತೆ ಅಥವಾ ಆಟಿಸಂ ಎನ್ನುವ ಸ್ಥಿತಿಯ ಮಕ್ಕಳೇ ಇಂಥ ಕೆಲವು ಐತಿಹ್ಯಗಳ ಹಿಂದಿರಬಹುದೆಂದು ವಿದ್ವಾಂಸರು ಊಹಿಸಿದ್ದಾರೆ. ಊಹೆ ಹೇಗೇ ಇರಲಿ, ಐತಿಹ್ಯದ ತೀರ್ಪು ಸ್ಪಷ್ಟವಾಗಿದೆ: ಈ ಮಗು ನಮ್ಮದಲ್ಲ. ಹೊಡೆದರೆ, ಬೆಂಕಿಯ ಬಳಿಯಿಟ್ಟರೆ ನಿಜವಾದ ಮಗು ಮರಳುವುದೆಂದು ನಂಬಲಾಗಿತ್ತು.

ವೈದ್ಯಶಾಸ್ತ್ರವೂ ಒಂದು ಕಾಲಕ್ಕೆ ಇಂಥದೇ ಕಥೆ ಹೇಳಿತು. 1943ರಲ್ಲಿ ಲಿಯೊ ಕ್ಯಾನರ್ 11 ಮಕ್ಕಳ ವಿವರಗಳೊಡನೆ ಸ್ವಲೀನತೆಯನ್ನು ನಿರೂಪಿಸಿದರು. 1967ರಲ್ಲಿ ಬ್ರೂನೊ ಬೆಟಲ್‌ಹೈಮ್ ‘ದಿ ಎಂಪ್ಟಿ ಫೋರ್ಟ್ರೆಸ್’ ಕೃತಿಯಲ್ಲಿ ಅದರ ಹೊಣೆಯನ್ನು ಹೆತ್ತವರ, ವಿಶೇಷವಾಗಿ ತಾಯಿಯ, ಮೇಲೆ ಹೊರಿಸಿದರು. 1976ರಲ್ಲಿ ಅಜ್ಜಿಕಥೆಗಳ ಮನೋವಿಶ್ಲೇಷಣೆ ಬರೆದು ನಮ್ಮ ಕ್ಷೇತ್ರದಲ್ಲಿ ಹೆಸರಾದವರೂ ಇವರೇ ಎಂಬುದು ಜಾನಪದ ಅಧ್ಯಯನಕಾರರಿಗೆ ಮುಜುಗರದ ಸಂಗತಿ. ಸ್ವತಃ ಸ್ವಲೀನ ಬಾಲಕನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿಯೇ ಇದು ಜೈವಿಕ ಮೂಲದ್ದೆಂದು ವಾದಿಸಿದ್ದರು. 1977ರಲ್ಲಿ ಪ್ರಕಟವಾದ ಫೋಲ್‌ಸ್ಟೀನ್ ಮತ್ತು ರಟರ್ ಅವರ ಅವಳಿಗಳ ಅಧ್ಯಯನವು ಆನುವಂಶಿಕತೆಯ ಪಾತ್ರವನ್ನು ತೋರಿಸಿತು.

ಬದಲಿ ಕೂಸು ತನ್ನ ಕಥೆಯನ್ನು ತಾನೇ ಹೇಳತೊಡಗಿದ್ದು ಅನಂತರ. 1986ರಲ್ಲಿ ಟೆಂಪಲ್ ಗ್ರಾಂಡಿನ್ ಆತ್ಮಕಥನ ಬರೆದರು. 1993ರಲ್ಲಿ ಜಿಮ್ ಸಿಂಕ್ಲೇರ್, ಸ್ವಲೀನ ಮಗು ಕಳೆದುಹೋದ ಮಗುವಲ್ಲ, ಅದಕ್ಕಾಗಿ ಶೋಕಿಸಬೇಡಿರೆಂದು ಹೆತ್ತವರಿಗೆ ತಿಳಿಸಿದರು. ಮಗುವಿನ ತಪಾಸಣೆಯ ವೇಳೆ ವೈದ್ಯರ ಪ್ರಶ್ನೆಗಳಲ್ಲಿ ತಮ್ಮದೇ ಬಾಲ್ಯವನ್ನು ಗುರುತಿಸಿ, ತಾವೂ ಸ್ವಲೀನರೆಂದು ನಡುವಯಸ್ಸಿನಲ್ಲಿ ಅರಿಯುವ ತಾಯಿತಂದೆಯರಿದ್ದಾರೆ. ಕುಕ್ಕರಿನ ಸೀಟಿಗೆ ಕಿವಿ ಮುಚ್ಚಿಕೊಳ್ಳುವ, ಮದುವೆಮನೆಯ ಗದ್ದಲದಲ್ಲಿ ಕಂಗೆಡುವ ಮಗುವಿನ ಸಂಕಟವನ್ನು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ. ಹಾಗೆಂದು ಅವರ ಬಾಳು ಸುಲಭವಲ್ಲ. ಮಗುವಿಗೆ ಸಮಾಧಾನ ಕೊಡುವ ಎಡೆಬಿಡದ ಸದ್ದೇ ತಾಯಿಗೆ ಅಸಹನೀಯವಾಗಬಹುದು. ಆಗ ಇಬ್ಬರಿಗೂ ಬೇರೆಬೇರೆ ಕೋಣೆ, ನೆರವಿಗೆ ಮೂರನೆಯವರೊಬ್ಬರು ಬೇಕು. ಅಂಥ ನೆರವನ್ನು ಕೇಳುವುದನ್ನೂ ತಾಯಿಯ ಲೋಪವೆಂದು ಎಣಿಸುವಲ್ಲಿ ಹಳೆಯ ಆರೋಪ ಇನ್ನೂ ಉಳಿದಿದೆ.

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬುದು ನಮ್ಮ ಗಾದೆ. ಬದಲಿ ಕೂಸಿನ ಐತಿಹ್ಯಕ್ಕೆ ಇದೇ ತಕ್ಕ ಉತ್ತರವೆನ್ನಬಹುದು: ಮಗು ಅದಲುಬದಲಾಗಿಲ್ಲ, ಅದು ಈ ಮನೆಯದೇ.