ಜೋಗಕ್ಕಿಂತ ಸಾತೊಡ್ಡಿ ಎತ್ತರವೇ?

ಮಗು ನೂರರವರೆಗೆ ತಡವರಿಸದೆ ಹೇಳಿತೆಂದರೆ ಲೆಕ್ಕ ಬಂತು ಎಂಬ ಮಾತು ಶಿರಸಿ ಸೀಮೆಯ ಜಗಲಿಗಳಲ್ಲೂ ಇದೆ. ಬಂದದ್ದು ಬಾಯಿಪಾಠ. ಎಣಿಸುವಾಗ ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಮೊತ್ತ ಎಂದು ತಿಳಿಯುವುದು ಬೇರೆ, ಎರಡರಲ್ಲಿ ಯಾವುದು ಹೆಚ್ಚೆಂದು ಹೇಳುವುದು ಇನ್ನೂ ಬೇರೆ.

ಅಂಕಿ ದೊಡ್ಡದಾದರೆ ಸಂಖ್ಯೆಯೂ ದೊಡ್ಡದು ಎಂಬುದು ಮಕ್ಕಳದೇ ನಂಬಿಕೆ. 29, 31 ಬರೆದು ಕೇಳಿದರೆ 9 ಕಂಡ ಕೆಲವರು 29ರ ಮೇಲೆ ಬೆರಳಿಡುತ್ತಾರೆ. ಮೂರನೇ ತರಗತಿಯ ಹೊತ್ತಿಗೆ ಇದನ್ನು ಬಿಡಿಸಲು ನಮ್ಮ ಜಲಪಾತಗಳೇ ಸಾಕು. ಯಲ್ಲಾಪುರದ ಸಾತೊಡ್ಡಿ ಸುಮಾರು 15 ಮೀಟರ್, ಮಾಗೋಡು ಸುಮಾರು 200, ಸಿದ್ದಾಪುರದ ಉಂಚಳ್ಳಿ 116, ಗಡಿಯಾಚೆ ಸಾಗರ ತಾಲೂಕಿನ ಜೋಗ 253. ಏರಿಕೆ ಕ್ರಮದಲ್ಲಿ ಬರೆಯಲು ಹೇಳಿ. ಬಿಡಿಸ್ಥಾನವನ್ನಷ್ಟೇ ನೋಡುವ ಮಗು ಮಾಗೋಡನ್ನು ಎಲ್ಲಕ್ಕಿಂತ ಕುಳ್ಳಾಗಿಸಿ, ಸಾತೊಡ್ಡಿಯನ್ನು ಜೋಗದ ನೆತ್ತಿಗೇರಿಸುತ್ತದೆ. ನಗು ಬಂದ ಮೇಲೆ ಪಾಠ ಸುಲಭ: ಮೊದಲು ಎಷ್ಟು ಅಂಕಿಗಳಿವೆ ನೋಡು, ಅದು ಸಮನಾದರೆ ಎಡತುದಿಯಿಂದ ಹೋಲಿಸು. (ಅಂಕಿ ಹೆಚ್ಚಿದ್ದರೆ ದೊಡ್ಡದು ಎಂಬ ಸೂತ್ರ ಪೂರ್ಣ ಸಂಖ್ಯೆಗಷ್ಟೇ. ಮುಂದೆ 4.75ರ ಎದುರು 4.8 ಬಂದಾಗ ಅದು ಕೈಕೊಡುತ್ತದೆ.)

ಇನ್ನು ದೊಡ್ಡವರ ನಂಬಿಕೆ: ಐದು ವರ್ಷದವರಿಗೆ ಹೋಲಿಕೆ ತಿಳಿಯದು. ಎರಡು ಸಾಲು ಅಡಿಕೆ ಸಮವಾಗಿಟ್ಟು, ಒಂದನ್ನು ಅಗಲಿಸಿ ಮತ್ತೆ ಕೇಳಿದರೆ ಉದ್ದದ ಸಾಲಿನಲ್ಲೇ ಹೆಚ್ಚಿದೆ ಅನ್ನುತ್ತಾರಲ್ಲ! ಅಡಿಕೆ ನಮ್ಮದಾದರೂ ಪ್ರಯೋಗ ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಪಿಯಾಜೆಯದು. ಇದನ್ನು ವಿವರಿಸಿದ ಅವನ ಪುಸ್ತಕ ಬಂದದ್ದು 1941ರಲ್ಲಿ. ಆದರೆ 1974ರಲ್ಲಿ ಮೆಗಾರಿಗಲ್ ಮತ್ತು ಡೊನಾಲ್ಡ್‌ಸನ್ ಎಂಬ ಸಂಶೋಧಕರು ಸಾಲು ಕೆಡಿಸುವ ಕೆಲಸವನ್ನು ಒಂದು ತುಂಟ ಗೊಂಬೆ ಕರಡಿಗೆ ವಹಿಸಿದರು. ಸರಿಯುತ್ತರ ಕೊಟ್ಟ ಮಕ್ಕಳ ಸಂಖ್ಯೆ ಬಹಳ ಏರಿತು. ದೊಡ್ಡವರೇ ಸಾಲು ಸರಿಸಿ ಅದೇ ಪ್ರಶ್ನೆ ಮತ್ತೆ ಕೇಳಿದರೆ, ಬೇರೆ ಉತ್ತರ ಬೇಕೇನೋ ಎಂದು ಮಗುವಿಗೆ ಅನಿಸದಿರುತ್ತದೆಯೇ?

ಮೊಸಳೆ ಬಾಯಿಯ > ಚಿಹ್ನೆಗೆ ಅವಸರ ಬೇಡ. ಹೆಚ್ಚು, ಕಡಿಮೆ, ಸಮ ಎಂಬುದು ಮಾತಿನಲ್ಲಿ ಗಟ್ಟಿಯಾದ ಮೇಲೆ ಬಂದರೆ ಸಾಕು.

45ನ್ನು 54 ಎಂದು ಬರೆದವರೆಲ್ಲ ದಡ್ಡರು ಎಂಬುದಂತೂ ಅನ್ಯಾಯ. ಯಲ್ಲಾಪುರದ ಕಾಡಂಚಿನ ಶಾಲೆಗಳಿಗೆ ಕೊಂಕಣಿ ಮಾತಿನ ಸಿದ್ದಿ, ಕುಣಬಿ ಮಕ್ಕಳೂ ಮರಾಠಿ ಮಾತಿನ ಗೌಳಿ ಮಕ್ಕಳೂ ಬರುತ್ತಾರೆ. ಕನ್ನಡದ ಇಪ್ಪತ್ತೈದರಲ್ಲಿ ಹತ್ತುಗಳು ಮೊದಲು. ಮನೆಯ ಪಂಚವೀಸದಲ್ಲಿ ಐದು ಮೊದಲು. ಕಿವಿಗೆ ಬಿದ್ದ ಕ್ರಮದಲ್ಲೇ ಕೈ ಬರೆದರೆ ಅಂಕಿ ಅದಲುಬದಲಾಗಬಹುದು. ಹತ್ತತ್ತು ಹಿಡಿಕಡ್ಡಿಯ ಎರಡು ಕಟ್ಟು, ಪಕ್ಕದಲ್ಲಿ ಐದು ಬಿಡಿ ಇಟ್ಟು ಎರಡೂ ಭಾಷೆಯಲ್ಲಿ ಹೇಳಿಸಿ, ಆಮೇಲೆ ಕಟ್ಟುಗಳಿಂದ ಶುರುಮಾಡಿ ಬರೆಯಿಸಿ.