ಗುಡಿಸುವವರು ಕಾಯಂ, ಕಸ ಹೊರುವವರು?

ಕೋವಿಡ್ ಯೋಧರಿಗೆಂದು 2020ರ ಮಾರ್ಚ್‌ನಲ್ಲಿ ತಟ್ಟೆ ಬಡಿದೆವು. ಮೇ ತಿಂಗಳಲ್ಲಿ ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರ್‌ನಿಂದ ಹೂ ಸುರಿಯಿತು. ಕೆಲವು ಬಡಾವಣೆಗಳಲ್ಲಿ ಬೀದಿ ಗುಡಿಸುವವರ ಕೊರಳಿಗೂ ಹಾರ ಬಿತ್ತು. ಪೌರಕಾರ್ಮಿಕರು ಕೇಳುತ್ತಿದ್ದುದು ಮಾತ್ರ ಬೇರೆ: ನಮ್ಮ ಕೆಲಸ ಕಾಯಂ ಮಾಡಿ.

ಅದಕ್ಕಾಗಿ 2022ರ ಜುಲೈನಲ್ಲಿ ಅವರು ಪೊರಕೆ ಕೆಳಗಿಡಬೇಕಾಯಿತು. ನಾಲ್ಕೇ ದಿನ. ಕಸ ನಾರತೊಡಗಿದಾಗ ಬಸವರಾಜ ಬೊಮ್ಮಾಯಿ ಸರ್ಕಾರದಿಂದ ಲಿಖಿತ ಭರವಸೆ ಬಂತು. ಸೆಪ್ಟೆಂಬರ್‌ನಲ್ಲಿ 11,133 ಮಂದಿಯ ಕಾಯಮಾತಿಗೆ ಸಂಪುಟ ಒಪ್ಪಿತು. ಬೆಂಗಳೂರಿನ 12 ಸಾವಿರಕ್ಕೂ ಹೆಚ್ಚು ಮಂದಿಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ನೇಮಕಾತಿ ಪತ್ರ ಕೊಟ್ಟಿದ್ದು 2025ರ ಮೇ 1ರಂದು. ಹಾರಕ್ಕಿಂತ ಆ ಪತ್ರ ದೊಡ್ಡದು. ಗುತ್ತಿಗೆದಾರರ ಕಾಲದಲ್ಲಿ ಸಂಬಳ ತಿಂಗಳುಗಟ್ಟಲೆ ಬಾಕಿ ಉಳಿಯುತ್ತಿತ್ತು. ಹಿಡಿದುಕೊಂಡ ಪಿಎಫ್ ಎಲ್ಲಿ ಹೋಯಿತೆಂದು ಕೇಳಿದವರಿಗೆ ಕೆಲಸವೇ ಹೋಗುವ ಭಯ.

ಆದರೆ ಪತ್ರ ಬಂದದ್ದು ಗುಡಿಸುವವರಿಗೆ. ಬೆಳಿಗ್ಗೆ ಮನೆ ಮುಂದೆ ಬರುವ ಕಸದ ಆಟೊ ನೋಡಿ. ಹಿಂದೆ ನಿಂತ ಹೆಲ್ಪರ್ ನಮ್ಮ ಬಕೆಟ್ ಸುರಿದುಕೊಂಡು, ಬರಿಗೈಯಲ್ಲೇ ಹಸಿ ಕಸ, ಒಣ ಕಸ ಬೇರ್ಪಡಿಸುತ್ತಾರೆ. ಅನ್ನ, ಸಾರಿನ ನಡುವೆ ಒಡೆದ ಬಾಟಲಿ, ಇನ್ಸುಲಿನ್ ಸೂಜಿ, ಪೇಪರ್ ಸುತ್ತದ ಪ್ಯಾಡ್ ಕೈಗೆ ತಗಲುತ್ತವೆ. (ವಿಂಗಡಿಸಿ ಕೊಡುವುದಕ್ಕೆ ನಮಗೆ ಯಾರ ಆದೇಶ ಬೇಕು?) ಕೊಟ್ಟ ಗ್ಲೌಸ್ ಕೆಲವೇ ದಿನಕ್ಕೆ ಹರಿಯುತ್ತದೆ, ಇನ್ನೊಂದು ಜೊತೆ ಯಾವಾಗ ಬರುವುದೋ ಗೊತ್ತಿಲ್ಲ. ಪತ್ರ ಸಿಕ್ಕ ಗುಡಿಸುವವರ ಕಷ್ಟವೂ ಮುಗಿದಿಲ್ಲ. ಅವರಲ್ಲಿ ಹೆಂಗಸರೇ ಹೆಚ್ಚು. ಶೌಚಾಲಯ ಹುಡುಕುವ ಪಾಡು ಬೇಡವೆಂದು ಮಧ್ಯಾಹ್ನದವರೆಗೆ ನೀರೇ ಕುಡಿಯದವರು ಅವರಲ್ಲಿದ್ದಾರೆ. ಇದನ್ನು ಕಾಯಮಾತಿ ತಾನಾಗಿ ಸರಿಪಡಿಸುವುದಿಲ್ಲ.

ಆಟೊ ಚಾಲಕ, ಹೆಲ್ಪರ್, ಲೋಡರ್‌ಗಳು ಇನ್ನೂ ಗುತ್ತಿಗೆಯ ಕೈಯಲ್ಲೇ. ಜೀವಮಾನವಿಡೀ ಗುಡಿಸಿ, ಕಾಯಮಾತಿಯ ಹೊತ್ತಿಗೆ ವಯೋಮಿತಿ ದಾಟಿದವರಿಗೆ ಪತ್ರ ಸಿಗಲಿಲ್ಲ. ಎಷ್ಟು ಜನಕ್ಕೆ ಒಬ್ಬರು ಪೌರಕಾರ್ಮಿಕರಿರಬೇಕು ಎಂಬುದನ್ನೂ ಸರ್ಕಾರ ಸಡಿಲಿಸಿತು: ಪೌರಕಾರ್ಮಿಕರ ಸ್ಥಿತಿಗತಿ ಅಧ್ಯಯನ ಮಾಡಿದ ಐ.ಪಿ.ಡಿ. ಸಾಲಪ್ಪ ಸಮಿತಿ 500 ಎಂದಿತ್ತು, ಆಮೇಲೆ ಅದು 700 ಆಯಿತು. ಬೆಳೆದ ನಗರದ ಕಸ ಮಾತ್ರ ಯಾವ ಅನುಪಾತಕ್ಕೂ ಕಾಯಲಿಲ್ಲ.

ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಸಂಸ್ಥೆಯೇ ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಗುತ್ತಿಗೆದಾರನ ಬಿಲ್ ಪಾಸು ಮಾಡುವ ಮುನ್ನ ಹೆಲ್ಪರ್‌ಗಳ ಖಾತೆಗೆ ಹೋದ ತಿಂಗಳ ಸಂಬಳ ಬಿದ್ದಿದೆಯೇ ಎಂದು ಪಾಲಿಕೆ ಅಧಿಕಾರಿ ಒಮ್ಮೆ ನೋಡಲಿ. ಬಿದ್ದಿಲ್ಲವಾದರೆ ಬಿಲ್ ತಡೆಹಿಡಿಯಲಿ.