ಮೀಟರ್ ಒಂದು, ಸ್ಟೆಪ್ನಿ ಇನ್ನೊಂದು

ವಿಜಯಪುರದ ಡೀಲರ್ ಒಬ್ಬರ ಅಂಗಳದಲ್ಲಿ ನಿಂತಿದ್ದ ಆ 2015ರ ಡೀಸೆಲ್ ಸೆಡಾನ್ ಮಿರಮಿರ ಮಿಂಚುತ್ತಿತ್ತು. ಕೆಎ-28 ಗಾಡಿ, ಮೀಟರಿನಲ್ಲಿ 52,000 ಕಿ.ಮೀ. ಟಿಕೋಟಾದಿಂದ ನನ್ನ ಜೊತೆ ಬಂದಿದ್ದ ಮಿಸ್ತ್ರಿ ಬಾನೆಟ್ ಎತ್ತಲೇ ಇಲ್ಲ. ಸೀದಾ ಡಿಕ್ಕಿ ತೆಗೆದು, ಹಾಸು ಸರಿಸಿ, ಸ್ಟೆಪ್ನಿ ಮೇಲೆ ಮೊಬೈಲಿನ ಬೆಳಕು ಬಿಟ್ಟರು. ಆಮೇಲೆ ನಾಲ್ಕೂ ಗಾಲಿಗಳ ಬಳಿ ಕುಕ್ಕರಗಾಲಲ್ಲಿ ಕುಂತು ನೋಡಿ ಬಂದು, ‘ಇವು ಎರಡನೇ ಸೆಟ್ ರೀ ಸರ. ಇವೂ ಬೋಳ ಆಗ್ಯಾವ’ ಅಂದರು.

ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳ ಒಂದು ಅಚ್ಚು ಇರುತ್ತದೆ. ಮೊದಲೆರಡು ತಯಾರಾದ ವಾರ, ಉಳಿದೆರಡು ವರ್ಷ. ಸ್ಟೆಪ್ನಿಯ ಮೇಲಿದ್ದದ್ದು 1115; ಅಂದರೆ 2015ರ ಹನ್ನೊಂದನೇ ವಾರ, ಕಾರಿನ ಓರಗೆಯದು. ಗಾಲಿಗಳ ಮೇಲೆ 3419. ಇಂಥ ಕಾರಿನ ಟೈರು ಸಾಮಾನ್ಯವಾಗಿ 40-50 ಸಾವಿರ ಕಿ.ಮೀ. ಬಾಳುತ್ತದೆ. ಎರಡು ಸೆಟ್ ಸವೆದಿದ್ದರೆ ಲೆಕ್ಕ ಲಕ್ಷದ ಹತ್ತಿರ ಹೋಗುತ್ತದೆ. ಹಳೆಯ ಮೀಟರಿನಲ್ಲಿ ಹಲ್ಲುಗಾಲಿಗಳಿದ್ದವು. ಈಗಿನದು ಚಿಪ್ಪಿನಲ್ಲಿ ಬರೆದಿಟ್ಟ ಒಂದು ಸಂಖ್ಯೆ, ಲ್ಯಾಪ್‌ಟಾಪ್ ಇದ್ದವನಿಗೆ ತಿದ್ದಲು ಕೆಲವೇ ನಿಮಿಷ ಸಾಕು. ಆದರೂ ಟೈರು ಒಂದನ್ನೇ ನಂಬುವಂತಿಲ್ಲ. ಅಲೈನ್‌ಮೆಂಟ್ ಕೆಟ್ಟರೆ ಟೈರು ಬೇಗ ತಿಂದುಹೋಗುತ್ತದೆ. ಕ್ಲಚ್ ಪೆಡಲಿನ ರಬ್ಬರು, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಇವೂ ಅದೇ ಮಾತು ಹೇಳಬೇಕು. ಹೇಳಿದವು.

ಬಾನೆಟ್ ಎತ್ತಿದ್ದು ಆಮೇಲೆ. ಮಿಸ್ತ್ರಿ ಏರ್ ಫಿಲ್ಟರ್ ನೋಡುವ ಬದಲು ಅದರ ಆಚೆಯ ಪೈಪಿನೊಳಗೆ ಬೆರಳಾಡಿಸಿದರು. ನಮ್ಮ ಕಡೆ ಕಾರು ಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ ಎಂದೇ ನನ್ನ ಅನಿಸಿಕೆ. 1248 ಸಿಸಿ ಎಂಜಿನ್ ಎರಡು ಸುತ್ತಿಗೊಮ್ಮೆ ಅಷ್ಟು ಗಾಳಿ ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 2000 ಸುತ್ತು ತಿರುಗಿದರೆ ಸುಮಾರು 1250 ಲೀಟರ್, ಟರ್ಬೊ ಒತ್ತಿದರೆ ಇನ್ನೂ ಹೆಚ್ಚು. ಸುಮ್ಮನೆ ಕುಂತ ಮನುಷ್ಯನಿಗೆ ಏಳೆಂಟು ಲೀಟರ್ ಸಾಕು. ಬೇಸಿಗೆಯಲ್ಲಿ ಬಬಲೇಶ್ವರದ ರಸ್ತೆಯಲ್ಲಿ ಟ್ರ್ಯಾಕ್ಟರಿನ ಹಿಂದೆ ಹೋದವರಿಗೆ ಆ ಗಾಳಿಯಲ್ಲಿ ಎಷ್ಟು ಧೂಳಿರುತ್ತದೆಂದು ಗೊತ್ತು. ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವಿನ ಎಣ್ಣೆಯ ಪದರ ಕೆಲವೇ ಮೈಕ್ರಾನ್ ದಪ್ಪ. ಕಣ್ಣಿಗೆ ಕಾಣುವ ಹರಳು ಫಿಲ್ಟರಿನಲ್ಲೇ ಸಿಕ್ಕಿಬೀಳುತ್ತದೆ. ಅಪಾಯ ಇರುವುದು ಆ ಪದರದಷ್ಟೇ ಸಣ್ಣ ಕಣದಿಂದ, ಅದು ಎರಡೂ ಕಡೆ ಉಜ್ಜುತ್ತದೆ. ಇಲ್ಲಿನ ಧೂಳಿನಲ್ಲಿರುವ ಕಪ್ಪುಕಲ್ಲಿನ ಪುಡಿ ಸಿಲಿಂಡರಿನ ಎರಕದ ಕಬ್ಬಿಣಕ್ಕಿಂತ ಗಡುಸು. ಫಿಲ್ಟರ್ ಹೊಸದಾಗಿದ್ದು ಅದರ ಪೆಟ್ಟಿಗೆಯ ಮುಚ್ಚಳ ಸಡಿಲಿದ್ದರೂ ಎಂಜಿನ್ ಮಣ್ಣು ತಿಂದಿರುತ್ತದೆ. ಪೈಪಿನಿಂದ ಮಿಸ್ತ್ರಿಯ ಬೆರಳು ಸ್ವಚ್ಛವಾಗಿ ಹೊರಬಂತು. ನಾನು ಕಾರು ಕೊಳ್ಳಲು ಮನಸ್ಸು ಮಾಡಿದ್ದು ಆ ಬೆರಳು ನೋಡಿ.

ಇಲ್ಲಿನ ಮಣ್ಣು ಕೆಳಗಿನಿಂದಲೂ ಕಾಡುತ್ತದೆ. ಆರೂವರೆ ಕೋಟಿ ವರ್ಷದ ಹಿಂದಿನ ದಖ್ಖನ್ ಲಾವಾಶಿಲೆ ಸವೆದು ಆದ ಎರೆಮಣ್ಣು ಮಳೆಗೆ ಪದರಪದರದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲಿನ ಡಾಂಬರು ಅಲೆಅಲೆಯಾಗುತ್ತದೆ. ಆ ಏಟೆಲ್ಲ ಮುಂಗಾಲಿಯ ಲೋವರ್ ಆರ್ಮ್‌ನ ರಬ್ಬರ್ ಬುಶ್ಶಿಗೆ. ನನ್ನ ಕಾರಿನಲ್ಲಿ ಎರಡೂ ಹರಿದಿದ್ದವು. ತಿರುವಿನಲ್ಲಿ ಬರುತ್ತಿದ್ದ ‘ಟಕ್’ ಸದ್ದು ಅದರದು.

ಮಿಸ್ತ್ರಿ ಮೊದಲು ತೆಗೆದ ಡಿಕ್ಕಿ ಇಂಥ ಸೆಡಾನುಗಳಲ್ಲಿ ಮೊಟಕು, ಅದರ ಹಿಂದೆಯೂ ಕಥೆ ಇದೆ. 2006ರ ಬಜೆಟ್ಟು 4 ಮೀಟರ್ ಒಳಗಿನ, ಸಣ್ಣ ಎಂಜಿನ್ನಿನ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿತು. 2008ರಲ್ಲಿ 4160 ಮಿ.ಮೀ. ಉದ್ದವಿದ್ದ ಡಿಜೈರ್ ಸೆಡಾನ್ 2012ರಲ್ಲಿ 3995ಕ್ಕೆ ಬಂತು. ಡಿಕ್ಕಿ 440 ಲೀಟರಿನಿಂದ 316ಕ್ಕೆ. ಕತ್ತರಿ ಹಾಕಿದ್ದು ತೆರಿಗೆ.

ಟೈರಿನ ಅಂಕಿ ತೋರಿಸಿದಾಗ ಡೀಲರ್, ‘ನಮಗೂ ಹಿಂಗ ಬಂದೈತ್ರಿ’ ಅಂದು ರೇಟು ಇಳಿಸಿದರು. ಬುಶ್ ಹಾಕಿಸಿದೆ, ನಾಲ್ಕು ಟೈರು ಹಾಕಿಸಿದೆ. ಒಂದು ದಿನವೂ ಓಡದ ಸ್ಟೆಪ್ನಿಯನ್ನೂ ತೆಗೆಸಬೇಕಾಯಿತು: ಕುಂತಲ್ಲೇ ಗಾಳಿಯ ಆಮ್ಲಜನಕ ತಾಗಿ ಅದರ ರಬ್ಬರು ಗಡುಸಾಗಿ ಸೀಳು ಬಿಟ್ಟಿತ್ತು. ಈಗ ಅದು ಟಿಕೋಟಾದಲ್ಲಿ ಮಿಸ್ತ್ರಿಯ ಗ್ಯಾರೇಜಿನ ಮುಂದೆ ಬಿದ್ದಿದೆ, ಚಹಾ ಕುಡಿಯುವವರು ಕೂರಲಿಕ್ಕೆ.